ನೇತ್ರಾಣಿ ದಾರಿಯಲ್ಲಿ ಕಂಡಿದ್ದು ಯಾವ ಶಾರ್ಕ್?

ಪ್ರಶ್ನೆ: ಜನವರಿ ಮೊದಲ ವಾರ ನಾವು ಬೆಂಗಳೂರಿನಿಂದ ಮುರುಡೇಶ್ವರಕ್ಕೆ ಹೋಗಿದ್ದೆವು. ಬೆಳಿಗ್ಗೆ ಡೈವಿಂಗ್ ಬೋಟಿನಲ್ಲಿ ನೇತ್ರಾಣಿ ದ್ವೀಪಕ್ಕೆ ಹೊರಟೆವು. ಅರ್ಧ ದಾರಿ ದಾಟಿದ ಮೇಲೆ, ಒಂಬತ್ತು ಗಂಟೆ ಹೊತ್ತಿಗೆ, ಬಲಗಡೆ ಸುಮಾರು 40 ಮೀಟರ್ ದೂರದಲ್ಲಿ ನೀರಿನ ಮೇಲೆ ದೊಡ್ಡದೊಂದು ಕಪ್ಪು ರೆಕ್ಕೆ ಕಾಣಿಸಿತು. ತುದಿ ಚೂಪಾಗಿರಲಿಲ್ಲ, ಸ್ವಲ್ಪ ಗುಂಡಗಿತ್ತು. ಅದರ ಹಿಂದೆ ಇನ್ನೊಂದು ಸಣ್ಣ ರೆಕ್ಕೆ ಎಡಕ್ಕೂ ಬಲಕ್ಕೂ ನಿಧಾನವಾಗಿ ಆಡುತ್ತಿತ್ತು. ಎರಡರ ನಡುವಿನ ಅಂತರ ನಮ್ಮ ಬೋಟಿನ ಅರ್ಧಕ್ಕಿಂತ ಸ್ವಲ್ಪ ಕಡಿಮೆ. ಬೋಟು 28 ಅಡಿ ಅಂತ ಆಮೇಲೆ ಕೇಳಿ ತಿಳಿದುಕೊಂಡೆ. ಸುತ್ತ ಸಣ್ಣ ಮೀನು ಪುಟಪುಟ ಹಾರುತ್ತಿದ್ದವು. ಎರಡು ನಿಮಿಷ ಹಾಗೇ ಸಾಗಿ, ಸದ್ದಿಲ್ಲದೆ ಮುಳುಗಿತು. ಬೋಟಿನವರು ಡಾಲ್ಫಿನ್ ಇರಬೇಕು ಅಂದರು. ಜೊತೆಗಿದ್ದ ಒಬ್ಬರು ಮೊಬೈಲಿನಲ್ಲಿ ಫೋಟೊ ತೋರಿಸಿ, ಇದು ಗ್ರೇಟ್ ವೈಟ್ ಶಾರ್ಕೇ ಅಂದರು. ಮತ್ತೊಬ್ಬರು ಕರ್ನಾಟಕದ ಸಮುದ್ರದಲ್ಲಿ ಶಾರ್ಕೇ ಇಲ್ಲ ಅಂದರು. ನಾನು ತೆಗೆದ ಫೋಟೊದಲ್ಲಿ ಒಂದು ಕಪ್ಪು ಚುಕ್ಕೆ ಬಿಟ್ಟರೆ ಏನೂ ಇಲ್ಲ. 11 ವರ್ಷದ ಮಗನನ್ನು ಮುಂದಿನ ತಿಂಗಳು ಅಲ್ಲೇ ಮೊದಲ ಡೈವಿಂಗ್‌ಗೆ ಕರೆದುಕೊಂಡು ಹೋಗುವ ಆಸೆ ಇತ್ತು. ಈಗ ಹೆದರಿಕೆ. ಅದು ಏನಿರಬಹುದು? ಹೋಗಬಹುದಾ? ಯಾರಿಗಾದರೂ ತಿಳಿಸಬೇಕಾ?

ಉತ್ತರ: ಹೆದರಿಕೆ ಇರುವುದು ಮಗನ ವಿಷಯದಲ್ಲಿ ಅಲ್ವಾ, ಅದನ್ನೇ ಮೊದಲು ಹೇಳಿಬಿಡುತ್ತೇನೆ. ನೀವು ನೋಡಿದ ಪ್ರಾಣಿಯ ಕಾರಣಕ್ಕೆ ಪ್ರವಾಸ ರದ್ದು ಮಾಡಬೇಕಾಗಿಲ್ಲ. ನೀವು ಕೊಟ್ಟ ವಿವರಕ್ಕೆ ಅತಿ ಹೆಚ್ಚು ಹೊಂದುವುದು ತಿಮಿಂಗಿಲ ಶಾರ್ಕ್. ಜಗತ್ತಿನ ಅತಿ ದೊಡ್ಡ ಮೀನು ಅದು. ಹೆಸರಿನಲ್ಲಿ ತಿಮಿಂಗಿಲ ಇದ್ದರೂ ತಿಮಿಂಗಿಲವಲ್ಲ. ತಿನ್ನುವುದು ನೀರಲ್ಲಿ ತೇಲುವ ಸೂಕ್ಷ್ಮಜೀವಿಗಳು, ಮೀನಿನ ಮೊಟ್ಟೆ, ಸಣ್ಣ ಸೀಗಡಿ, ಸಣ್ಣ ಮೀನು. ಹಲ್ಲು ಅಕ್ಕಿ ಕಾಳಿನಷ್ಟು, ಅದನ್ನೂ ಕಚ್ಚಲು ಬಳಸುವುದಿಲ್ಲ. ಆದರೆ ಇದು ನೂರಕ್ಕೆ ನೂರು ಅದೇ ಅಂತ ಬರೆದುಕೊಡಲು ನನ್ನಿಂದ ಆಗದು. ಯಾಕೆ ಅನ್ನುವುದನ್ನು ಬಿಡಿಸಿ ಹೇಳುತ್ತೇನೆ. ಮುಂದಿನ ಸಲ ಏನಾದರೂ ಕಂಡರೆ ನೀವೇ ಗುರುತಿಸಲು ಅದು ನೆರವಾಗುತ್ತದೆ.

ಬೋಟಿನವರು ಡಾಲ್ಫಿನ್ ಅಂದದ್ದರಲ್ಲಿ ತಪ್ಪೇನಿಲ್ಲ. ಅವರು ದಿನಾ ನೋಡುವುದು ಅದನ್ನೇ. ಕಾರವಾರದಿಂದ ಮಂಗಳೂರಿನವರೆಗೆ ದಡದ ಹತ್ತಿರ ಇರುವ ಬೂದು ಬಣ್ಣದ ಗೂನುಬೆನ್ನಿನ ಡಾಲ್ಫಿನ್ ನಮ್ಮಲ್ಲಿ ಸಾಮಾನ್ಯ. ನೀರಿನ ಮೇಲೆ ರೆಕ್ಕೆ ಕಂಡರೆ ಹತ್ತರಲ್ಲಿ ಒಂಬತ್ತು ಸಲ ಅದು ಡಾಲ್ಫಿನ್‌ನದೇ ಅಂತ ಅಂದಾಜು ಮಾಡಿದರೆ ದೊಡ್ಡ ತಪ್ಪಾಗದು. ಆದರೆ ಡಾಲ್ಫಿನ್ ಉಸಿರಾಡಲು ಮೇಲೆ ಬರಲೇಬೇಕು. ಅದರ ಬಾಲ ಮಲಗಿಸಿದ ಹಲಗೆಯ ಹಾಗೆ ಅಡ್ಡಕ್ಕೆ ಇರುತ್ತದೆ, ಮೇಲಕ್ಕೂ ಕೆಳಕ್ಕೂ ಬಡಿಯುತ್ತದೆ. ಹಾಗಾಗಿ ರೆಕ್ಕೆ ಏಳುತ್ತದೆ, ಬಾಗಿ ಮುಂದೆ ಉರುಳುತ್ತದೆ, ಮುಳುಗುತ್ತದೆ, ಸ್ವಲ್ಪ ಮುಂದೆ ಮತ್ತೆ ಏಳುತ್ತದೆ. ಹತ್ತಿರದಲ್ಲಿದ್ದರೆ ಫುಸ್ ಅನ್ನುವ ಉಸಿರು ಕೇಳುತ್ತದೆ. ಶಾರ್ಕಿನದು ಹಾಗಲ್ಲ. ಅದರ ಬಾಲ ನೆಟ್ಟಗೆ ನಿಂತಿರುತ್ತದೆ, ಎಡಕ್ಕೂ ಬಲಕ್ಕೂ ಆಡುತ್ತದೆ. ಕಿವಿರಿನಿಂದ ಉಸಿರಾಡುವುದರಿಂದ ಮೇಲೆ ಬರುವ ಅಗತ್ಯವೇ ಇಲ್ಲ. ಮೇಲೆ ಇದ್ದಷ್ಟು ಹೊತ್ತು ರೆಕ್ಕೆ ಒಂದೇ ಎತ್ತರದಲ್ಲಿ ಜಾರಿಕೊಂಡು ಹೋಗುತ್ತದೆ. ನೀವು "ಸಣ್ಣ ರೆಕ್ಕೆ ಎಡಕ್ಕೂ ಬಲಕ್ಕೂ ಆಡುತ್ತಿತ್ತು" ಅಂತ ಬರೆದಿರಲ್ಲ, ನಿಮ್ಮ ಇಡೀ ಪತ್ರದಲ್ಲಿ ನನಗೆ ಜಾಸ್ತಿ ಬೆಲೆಬಾಳಿದ ವಾಕ್ಯ ಅದು. ಆ ಸಣ್ಣ ರೆಕ್ಕೆ ಬಾಲದ ತುದಿ. ಎಡಕ್ಕೂ ಬಲಕ್ಕೂ ಆಡುವ ಬಾಲ ಡಾಲ್ಫಿನ್‌ನದಾಗಿರಲು ಸಾಧ್ಯವಿಲ್ಲ.

ಹಾಗಂತ ಎರಡು ತುದಿ ಕಂಡದ್ದೆಲ್ಲ ಶಾರ್ಕ್ ಅಲ್ಲ. ದೊಡ್ಡ ತೊರಕೆಗಳು (ಅಗಲ ರೆಕ್ಕೆಯ ಚಪ್ಪಟೆ ಮೀನುಗಳು), ಅದರಲ್ಲೂ ಮಾಂಟಾ ಜಾತಿಯವು, ಮೇಲ್ಮೈಯಲ್ಲಿ ಈಜುವಾಗ ಎರಡೂ ಪಕ್ಕದ ರೆಕ್ಕೆಯ ತುದಿ ನೀರಿನಿಂದ ಮೇಲೆ ಬರುತ್ತವೆ. ದೂರದಿಂದ ಎರಡು ಶಾರ್ಕ್ ಜೋಡಿಯಾಗಿ ಹೋಗುತ್ತಿರುವಂತೆ ಕಾಣುತ್ತದೆ. ಆದರೆ ಅವು ಅಕ್ಕಪಕ್ಕ ಇರುತ್ತವೆ, ಒಂದರ ಹಿಂದೆ ಒಂದಲ್ಲ. ಎರಡೂ ಒಂದೇ ಅಳತೆ. ಸೂರ್ಯಮೀನು ಅನ್ನುವ ದುಂಡನೆಯ ದೊಡ್ಡ ಮೀನಿನ ರೆಕ್ಕೆ ಸೋಮಾರಿಯಾಗಿ ಈ ಕಡೆ ಆ ಕಡೆ ವಾಲಾಡುತ್ತದೆ, ಹಿಂದೆ ಬಾಲ ಕಾಣುವುದೇ ಇಲ್ಲ. ನಿಮ್ಮ ವಿವರಕ್ಕೆ ಇವೆರಡೂ ಕೂಡುವುದಿಲ್ಲ.

ಇನ್ನು ಕರ್ನಾಟಕದಲ್ಲಿ ಶಾರ್ಕೇ ಇಲ್ಲ ಅನ್ನುವ ಮಾತು. ಬೆಳಿಗ್ಗೆ ಮಲ್ಪೆ ಅಥವಾ ಮಂಗಳೂರು ಬಂದರಿಗೆ ಹೋಗಿ ನಿಂತರೆ ಈ ಮಾತು ಅಲ್ಲೇ ಮುಗಿಯುತ್ತದೆ. ಬಂದರಿಗೆ ಬಂದ ಶಾರ್ಕ್‌ಗಳನ್ನು ಅಳೆದು ಜಾತಿ ಗುರುತಿಸುವುದು ನನ್ನ ಕೆಲಸದ ದೊಡ್ಡ ಭಾಗ. ಮಂಗಳೂರು ಕಡೆ ತಾಟೆ, ಕಾರವಾರದ ಕಡೆ ಮೋರಿ ಅಂತ ಮಾರುವುದು ಶಾರ್ಕನ್ನೇ. ಹೆಚ್ಚಿನವು ಸಣ್ಣ ಜಾತಿ. ಪಶ್ಚಿಮ ಕರಾವಳಿಯಲ್ಲಿ ಬಲೆಗೆ ಜಾಸ್ತಿ ಬೀಳುವ ಚಪ್ಪಟೆ ಮೂತಿಯ ಸಣ್ಣ ಶಾರ್ಕ್ ಪೂರ್ತಿ ಬೆಳೆದರೂ ಒಂದು ಮೀಟರ್ ಮುಟ್ಟುವುದಿಲ್ಲ. ಅದರ ಸಾರು ಉಂಡವರೇ ನಮ್ಮ ಸಮುದ್ರದಲ್ಲಿ ಶಾರ್ಕ್ ಇಲ್ಲ ಅನ್ನುವುದನ್ನೂ ಕೇಳಿದ್ದೇನೆ. ಸುತ್ತಿಗೆ ತಲೆಯ ಶಾರ್ಕ್, ಹುಲಿ ಶಾರ್ಕ್, ಬುಲ್ ಶಾರ್ಕ್, ಕಪ್ಪು ತುದಿಯ ಹಲವು ಜಾತಿಗಳು ಎಲ್ಲವೂ ಅರಬ್ಬೀ ಸಮುದ್ರದಲ್ಲಿವೆ. ತಿಮಿಂಗಿಲ ಶಾರ್ಕ್ ನಮ್ಮ ಕರಾವಳಿಯಲ್ಲಿ ಬಲೆಗೆ ಸಿಕ್ಕ, ದಡಕ್ಕೆ ಬಂದ ದಾಖಲೆಗಳಿವೆ. ನೇತ್ರಾಣಿ ಸುತ್ತ ಡೈವ್ ಮಾಡುವವರೂ ಅದನ್ನು ನೋಡಿದ್ದಾರೆ.

ಇಲ್ಲದಿರುವುದು ಗ್ರೇಟ್ ವೈಟ್. ಅದರ ಮನೆ ತಣ್ಣನೆಯ ನೀರು. ದಕ್ಷಿಣ ಆಫ್ರಿಕಾ, ಆಸ್ಟ್ರೇಲಿಯಾದ ದಕ್ಷಿಣ ಭಾಗ, ಕ್ಯಾಲಿಫೋರ್ನಿಯಾ ಅಂಥ ಕಡೆ. ಮುರುಡೇಶ್ವರದ ಎದುರಿನ ಬೆಚ್ಚನೆ ನೀರಲ್ಲಿ ಅದನ್ನು ಮೊದಲ ಊಹೆಯಾಗಿ ಇಟ್ಟುಕೊಳ್ಳಲು ಯಾವ ಕಾರಣವೂ ಇಲ್ಲ. ಜೊತೆಗಿದ್ದವರು ತೋರಿಸಿದ ಫೋಟೊ "ಹಾಗೇ ಇದೆ" ಅನ್ನಿಸಿದ್ದು ಸಹಜ. ಬಿಸಿಲಿಗೆ ಎದುರಾಗಿ ನೋಡಿದರೆ ಎಲ್ಲ ಶಾರ್ಕಿನ ರೆಕ್ಕೆಯೂ ಕಪ್ಪು ತ್ರಿಕೋನವೇ.

ಈಗ ಅಳತೆಗೆ ಬರೋಣ. ನನ್ನ ತೀರ್ಮಾನ ನಿಂತಿರುವುದು ಇದರ ಮೇಲೆ. ಸಮುದ್ರದಲ್ಲಿ ಗಾತ್ರ ಅಂದಾಜಿಸುವುದು ಕಷ್ಟ. ಪಕ್ಕದಲ್ಲಿ ಮರವಿಲ್ಲ, ಕಂಬವಿಲ್ಲ, ಹೋಲಿಸಲು ಏನೂ ಇಲ್ಲ. ಮೇಲಾಗಿ ಎದೆ ಹೊಡೆದುಕೊಳ್ಳುತ್ತಿರುವಾಗ ಎಲ್ಲವೂ ದೊಡ್ಡದಾಗಿ ಕಾಣುತ್ತದೆ. ನೀವು ಮಾಡಿದ ಒಳ್ಳೆ ಕೆಲಸ ಅಂದರೆ ಎರಡು ರೆಕ್ಕೆಯ ನಡುವಿನ ಅಂತರವನ್ನು ಬೋಟಿಗೆ ಹೋಲಿಸಿದ್ದು. 28 ಅಡಿಯ ಅರ್ಧಕ್ಕಿಂತ ಸ್ವಲ್ಪ ಕಡಿಮೆ ಅಂದರೆ 12 ಅಡಿ ಅಂದುಕೊಳ್ಳೋಣ. ತಿಮಿಂಗಿಲ ಶಾರ್ಕಿನ ಬೆನ್ನಿನ ರೆಕ್ಕೆ ಬಹಳ ಹಿಂದೆ, ಹೆಚ್ಚುಕಡಿಮೆ ದೇಹದ ನಡುವಿಗೆ ಇರುತ್ತದೆ. ಹಾಗಾಗಿ ಬೆನ್ನಿನ ರೆಕ್ಕೆಯಿಂದ ಬಾಲದ ತುದಿಗೆ ಇರುವ ದೂರವನ್ನು ಎರಡರಿಂದ ಗುಣಿಸಿದರೆ ಮೀನಿನ ಉದ್ದ ಬರುತ್ತದೆ. 24 ಅಡಿ, ಅಂದರೆ ಏಳು ಮೀಟರಿಗೆ ಸ್ವಲ್ಪ ಜಾಸ್ತಿ. ತಿಮಿಂಗಿಲ ಶಾರ್ಕಿಗೆ ಇದು ತೀರಾ ಸಾಮಾನ್ಯ ಅಳತೆ. ಅದು 12 ಮೀಟರ್ ದಾಟಿಯೂ ಬೆಳೆಯುತ್ತದೆ.

ಬೇರೆ ದೊಡ್ಡ ಶಾರ್ಕ್‌ಗಳಲ್ಲಿ ಬೆನ್ನಿನ ರೆಕ್ಕೆ ಮುಂದೆ ಇರುತ್ತದೆ, ಎದೆಯ ರೆಕ್ಕೆಗಳಿಗೆ ಹತ್ತಿರ. ಅಲ್ಲಿ ಅದೇ ಅಂತರವನ್ನು ಒಂದೂವರೆಯಿಂದ ಗುಣಿಸಬೇಕು. 18 ಅಡಿ ಬರುತ್ತದೆ, ಐದೂವರೆ ಮೀಟರ್. ಹುಲಿ ಶಾರ್ಕ್ ಅಷ್ಟು ಬೆಳೆಯುವುದು ಬಹಳ ಅಪರೂಪ. ಬುಲ್ ಶಾರ್ಕ್ ಅದರ ಹತ್ತಿರಕ್ಕೂ ಬರುವುದಿಲ್ಲ. ದೊಡ್ಡ ಸುತ್ತಿಗೆ ತಲೆಯ ಶಾರ್ಕ್ ಬರಬಹುದು, ಆದರೆ ಅದರ ಬೆನ್ನಿನ ರೆಕ್ಕೆ ಕುಡುಗೋಲಿನಂತೆ ಎತ್ತರವಾಗಿ, ಚೂಪಾಗಿ ಬಾಗಿರುತ್ತದೆ. ನೀವು ನೋಡಿದ್ದು ಗುಂಡಗಿನ ತುದಿ.

ನಿಮ್ಮ ಅಂದಾಜು ಹೆಚ್ಚಾಗಿದ್ದರೆ? ಮೂರರಲ್ಲಿ ಒಂದು ಭಾಗ ಕಳೆದು ಅಂತರ 8 ಅಡಿ ಅಂತಲೇ ಇಟ್ಟುಕೊಳ್ಳಿ. ಆಗ 16 ಅಡಿಯ ಎಳೆಯ ತಿಮಿಂಗಿಲ ಶಾರ್ಕ್ ಆಗಬಹುದು, 12 ಅಡಿಯ ಹುಲಿ ಶಾರ್ಕೂ ಆಗಬಹುದು. ಬರೆದುಕೊಡಲು ಆಗದು ಅಂದದ್ದು ಇದಕ್ಕೇ. ಆದರೂ ನಾನು ಮೊದಲನೆಯದರ ಕಡೆಗೇ ವಾಲುವುದು ಅದರ ನಡತೆಯಿಂದ. ಹೆಚ್ಚಿನ ಶಾರ್ಕ್‌ಗಳು ರೆಕ್ಕೆ ಹೊರಗೆ ಚಾಚಿಕೊಂಡು ಸುಮ್ನೆ ಓಡಾಡುವುದಿಲ್ಲ. ಮೀನಿನ ಹಿಂಡಿನ ಬೆನ್ನು ಹತ್ತಿದಾಗ, ಇಲ್ಲವೇ ತೀರಾ ಆಳವಿಲ್ಲದ ಕಡೆ, ಕ್ಷಣಕಾಲ ಕಂಡು ಹೋಗುತ್ತವೆ. ತಿಮಿಂಗಿಲ ಶಾರ್ಕ್ ಮಾತ್ರ ಮೇಲ್ಮೈಯಲ್ಲಿ ಆಹಾರ ದಟ್ಟವಾಗಿದ್ದರೆ ಬಾಯಿ ತೆರೆದುಕೊಂಡು ನಿಮಿಷಗಟ್ಟಲೆ ಒಂದೇ ವೇಗದಲ್ಲಿ ಸಾಗುತ್ತದೆ. ಮಳೆಗಾಲದಲ್ಲಿ ನಮ್ಮ ಕರಾವಳಿಯ ಆಳದ ತಣ್ಣೀರು ಪೋಷಕಾಂಶ ಹೊತ್ತು ಮೇಲೆ ಬರುತ್ತದೆ. ಅದರಿಂದ ಸೂಕ್ಷ್ಮಜೀವಿಗಳು ಹೆಚ್ಚಿ, ಅವನ್ನು ತಿನ್ನಲು ಬೂತಾಯಿ, ಬಂಗುಡೆಯಂಥ ಮೀನುಗಳು ಸೇರುತ್ತವೆ. ಆ ಊಟದ ಪಾಲಿಗೆ ದೊಡ್ಡವೂ ಬರುತ್ತವೆ. ಸುತ್ತ ಸಣ್ಣ ಮೀನು ಹಾರುತ್ತಿದ್ದವು ಅಂದಿರಲ್ಲ, ಆ ಜಾಗದಲ್ಲಿ ಊಟ ಬಡಿಸಿತ್ತು ಅನ್ನುವುದಕ್ಕೆ ಅದೇ ಗುರುತು.

ಹಾಗಿದ್ದರೆ ತಿಮಿಂಗಿಲ ಶಾರ್ಕಿನ ಮೈಮೇಲೆ ಇರುವ ಬಿಳಿ ಚುಕ್ಕೆ ಯಾಕೆ ಕಾಣಲಿಲ್ಲ ಅಂತ ನೀವು ಕೇಳಬಹುದು. ಬೋಟಿನಲ್ಲಿ ಕೂತವರ ಕಣ್ಣು ನೀರಿಗಿಂತ ಒಂದೂವರೆ, ಎರಡು ಮೀಟರ್ ಎತ್ತರದಲ್ಲಿ ಇರುತ್ತದೆ ಅಷ್ಟೆ. 40 ಮೀಟರ್ ದೂರಕ್ಕೆ ಅಷ್ಟು ಓರೆಯಾಗಿ ನೋಡಿದರೆ ಕಾಣುವುದು ನೀರಿನ ಮೇಲೆ ಬಿದ್ದ ಆಕಾಶದ ಹೊಳಪು, ಒಳಗಿನ ಮೈಯಲ್ಲ. ಬೋಟಿನ ಪಕ್ಕಕ್ಕೇ ಬಂದಿದ್ದರೆ ಚುಕ್ಕೆ, ಗೆರೆಗಳು, ಅಗಲವಾದ ಚಪ್ಪಟೆ ತಲೆ ಎಲ್ಲ ಕಾಣುತ್ತಿತ್ತು. ಆಗ ಯಾರನ್ನೂ ಕೇಳಬೇಕಿರಲಿಲ್ಲ.

ಇಲ್ಲಿ ಒಂದು ಮಾತು ಹೇಳದೆ ಇರಲಾರೆ. ತಿಮಿಂಗಿಲ ಶಾರ್ಕ್, ಸುತ್ತಿಗೆ ತಲೆಯದು, ಹತ್ತಿರ ಬಂದ ಹುಲಿ ಶಾರ್ಕ್ ಬಿಟ್ಟರೆ ಬೋಟಿನಿಂದ ಶಾರ್ಕಿನ ಜಾತಿ ಹೇಳುವುದು ಹೆಚ್ಚಿನ ಸಲ ಆಗದ ಕೆಲಸ. ರೆಕ್ಕೆಯ ತುದಿ ಕಪ್ಪಗಿದ್ದರೆ "ಬ್ಲ್ಯಾಕ್‌ಟಿಪ್" ಅಂದುಬಿಡುತ್ತಾರೆ. ಕಪ್ಪು ತುದಿಯ ಜಾತಿಗಳು ನಮ್ಮಲ್ಲಿ ಹಲವಿವೆ. ನೇತ್ರಾಣಿಯ ಬಂಡೆಗಳ ಹತ್ತಿರ ಆಳವಿಲ್ಲದ ನೀರಲ್ಲಿ ತಿರುಗುವ ರೀಫ್ ಶಾರ್ಕಿಗೆ ಬೆನ್ನಿನ ರೆಕ್ಕೆಯ ತುದಿಯ ಕಪ್ಪು ಅಚ್ಚೊತ್ತಿದಂತೆ ಇರುತ್ತದೆ, ಅದರ ಕೆಳಗೆ ತೆಳು ಬಣ್ಣದ ಪಟ್ಟಿ ಇರುತ್ತದೆ, ಮೂತಿ ಮೊಂಡು. ನೀರಿನಿಂದ ತಿರುಗುತ್ತಾ ಮೇಲೆ ಚಿಮ್ಮುವುದು ಬೇರೆ ಎರಡು ಜಾತಿಗಳ ಅಭ್ಯಾಸ. ಅವಕ್ಕೂ ಕಪ್ಪು ತುದಿ ಇದೆ, ಮೂತಿ ಚೂಪು. ಮೀನು ಬಂದರಿನ ನೆಲದ ಮೇಲೆ ಬಿದ್ದಿದ್ದರೂ ನಾವು ಬೆನ್ನ ಮೇಲೆ ಎರಡು ರೆಕ್ಕೆಗಳ ನಡುವೆ ಏಣು, ಅಂದರೆ ಉಬ್ಬಿದ ಗೆರೆ, ಇದೆಯಾ ಅಂತ ಬೆರಳಾಡಿಸಿ ನೋಡುತ್ತೇವೆ, ಹಲ್ಲಿನ ಆಕಾರ ನೋಡುತ್ತೇವೆ, ಕೆಳಗಿನ ರೆಕ್ಕೆಯ ಬಣ್ಣ ನೋಡುತ್ತೇವೆ. ಆಮೇಲೂ ಒಮ್ಮೊಮ್ಮೆ ವಾದ ನಡೆಯುತ್ತದೆ. ಹಾಗಿರುವಾಗ 40 ಮೀಟರ್ ದೂರದ ರೆಕ್ಕೆ ನೋಡಿ ಪಟ್ ಅಂತ ಹೆಸರು ಹೇಳುವವರನ್ನು ನಾನು ನಂಬುವುದಿಲ್ಲ. "ದೊಡ್ಡ ಶಾರ್ಕ್, ಬಹುಶಃ ಇಂಥದ್ದು" ಅನ್ನುವುದು ಗೌರವದ ಉತ್ತರ.

ಫೋಟೊ ಕೆಟ್ಟದ್ದಕ್ಕೆ ಕಾರಣ ಝೂಮ್. ಬೋಟು ಅಲುಗಾಡುವಾಗ ಮೊಬೈಲನ್ನು ಪೂರ್ತಿ ಝೂಮ್ ಮಾಡಿದರೆ ಸಿಗುವುದು ಕಲೆ ಮಾತ್ರ. ಝೂಮ್ ಇಲ್ಲದೆ ವಿಡಿಯೊ ಮಾಡಿ. ಬೋಟಿನ ಅಂಚು, ದಿಗಂತ ಎರಡೂ ಚೌಕಟ್ಟಿನಲ್ಲಿ ಇರಲಿ, ಅಳತೆಗೆ ಅದೇ ಆಧಾರ. ರೆಕ್ಕೆ ಹೇಗೆ ಚಲಿಸಿತು ಅನ್ನುವುದು ವಿಡಿಯೊದಲ್ಲಿ ಉಳಿಯುತ್ತದೆ, ಫೋಟೊದಲ್ಲಿ ಉಳಿಯುವುದಿಲ್ಲ. ಮೊಬೈಲಿನ ಲೊಕೇಶನ್ ಆನ್ ಇರಲಿ. ಹೊಳಪು ಕಡಿಮೆ ಮಾಡುವ ಪೋಲರೈಸ್ಡ್ ಕನ್ನಡಕ ಇದ್ದರೆ ನೀರಿನೊಳಗಿನ ಮೈ ಅರ್ಧಕ್ಕರ್ಧ ಜಾಸ್ತಿ ಕಾಣುತ್ತದೆ. ಆ ಕನ್ನಡಕವನ್ನು ಲೆನ್ಸಿನ ಮುಂದೆ ಹಿಡಿದು ವಿಡಿಯೊ ಮಾಡಿದರೂ ನಡೆಯುತ್ತದೆ, ನೋಡಲು ತಮಾಷೆ ಅನ್ನಿಸಿದರೂ.

ತಿಳಿಸಬೇಕಾ ಅಂತ ಕೇಳಿದ್ದೀರಿ. ತಿಳಿಸಿ. ಮಂಗಳೂರಿನಲ್ಲಿ ಕೇಂದ್ರ ಸರ್ಕಾರದ ಸಾಗರ ಮೀನುಗಾರಿಕೆ ಸಂಶೋಧನಾ ಸಂಸ್ಥೆಯ ಪ್ರಾದೇಶಿಕ ಕೇಂದ್ರ ಇದೆ, ಸಾಮಾನ್ಯವಾಗಿ ಸಿಎಂಎಫ್‌ಆರ್‌ಐ ಅನ್ನುತ್ತಾರೆ. ದಿನಾಂಕ, ಸಮಯ, ಜಾಗ, ಎರಡು ರೆಕ್ಕೆಯ ಅಂತರ, ಚಲನೆ ಇಷ್ಟು ಬರೆದು ಕಳಿಸಿದರೆ ಸಾಕು. ಫೋಟೊ ಇಲ್ಲದಿದ್ದರೂ ಪರವಾಗಿಲ್ಲ. ಹೆಸರು ನೀವೇ ತೀರ್ಮಾನಿಸಿ ಬರೆಯಬೇಡಿ, ಕಂಡದ್ದನ್ನು ಮಾತ್ರ ಬರೆಯಿರಿ. ಮುಂದೆ ಯಾವಾಗಾದರೂ ಮೈಯ ಪಕ್ಕದ ಫೋಟೊ ಸಿಕ್ಕರೆ ಅದಕ್ಕೆ ಇನ್ನೂ ಬೆಲೆ. ತಿಮಿಂಗಿಲ ಶಾರ್ಕಿನ ಚುಕ್ಕೆಗಳ ವಿನ್ಯಾಸ ಒಂದರದ್ದು ಇನ್ನೊಂದಕ್ಕೆ ಇರುವುದಿಲ್ಲ. ಕಿವಿರಿನ ಹಿಂದೆ, ಎದೆಯ ರೆಕ್ಕೆಯ ಮೇಲಿರುವ ಭಾಗದ ಚುಕ್ಕೆಗಳನ್ನು ಕಂಪ್ಯೂಟರ್ ಹೋಲಿಸಿ ಇದು ಹಿಂದೆ ಎಲ್ಲಿ ಕಂಡಿತ್ತು ಅಂತ ಹೇಳುತ್ತದೆ. ಆಕಾಶದ ಫೋಟೊಗಳಲ್ಲಿ ನಕ್ಷತ್ರಗಳನ್ನು ಹೊಂದಿಸಲು ಖಗೋಳ ವಿಜ್ಞಾನಿಗಳು ಬಳಸುತ್ತಿದ್ದ ಲೆಕ್ಕವನ್ನೇ ಇದಕ್ಕೆ ಬದಲಾಯಿಸಿಕೊಂಡಿದ್ದಾರೆ. ಪ್ರವಾಸಿಗರು ತೆಗೆದ ಫೋಟೊಗಳೇ ಅದರ ಬಂಡವಾಳ.

ಜಾಗದ ಗುರುತನ್ನು ಇನ್‌ಸ್ಟಾಗ್ರಾಮಿನಲ್ಲಿ ಹಾಕುವ ಮುಂಚೆ ಮಾತ್ರ ಯೋಚಿಸಿ. ಮರುದಿನವೇ ಹತ್ತು ಬೋಟು ಅಲ್ಲಿಗೆ ನುಗ್ಗುತ್ತವೆ. ಮೇಲ್ಮೈಯಲ್ಲಿ ನಿಧಾನಕ್ಕೆ ಸಾಗುವ ಈ ಮೀನಿಗೆ ಬೋಟಿನ ಪ್ರೊಪೆಲ್ಲರ್ ಬಡಿಯುವುದು ಜಗತ್ತಿನಾದ್ಯಂತ ದೊಡ್ಡ ತೊಂದರೆ. 2001ರಿಂದ ಅದು ನಮ್ಮ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿದೆ, ಹುಲಿಗೆ ಇರುವಷ್ಟೇ ರಕ್ಷಣೆ. ಅದಕ್ಕೂ ಮುಂಚೆ ಗುಜರಾತಿನ ಕರಾವಳಿಯಲ್ಲಿ ಯಕೃತ್ತಿನ ಎಣ್ಣೆ ಮತ್ತು ಮಾಂಸಕ್ಕಾಗಿ ನೂರಾರು ಸಂಖ್ಯೆಯಲ್ಲಿ ಹಿಡಿಯುತ್ತಿದ್ದರು. ಈಗ ಅಲ್ಲಿನ ಮೀನುಗಾರರೇ ಬಲೆ ಕತ್ತರಿಸಿ ಬಿಡುತ್ತಾರೆ, ಬಲೆಯ ನಷ್ಟಕ್ಕೆ ಪರಿಹಾರ ಸಿಗುತ್ತದೆ. ಕಾಯ್ದೆಯ ಪ್ರಕಾರ ಬೇಟೆ ಅಂದರೆ ಕೊಲ್ಲುವುದು ಮಾತ್ರವಲ್ಲ, ಹಿಡಿಯುವುದು, ಹಿಡಿಯಲು ಇಲ್ಲವೇ ಕೊಲ್ಲಲು ಅಟ್ಟಿಸಿಕೊಂಡು ಹೋಗುವುದೂ ಅದರಲ್ಲಿ ಸೇರುತ್ತದೆ.

ಮತ್ತೆ ಕಂಡರೆ ನಿಮ್ಮ ಮುಂದೆ ಇರುವ ದಾರಿ ಮೂರು. ನೋಡಿಕೊಂಡು ದಾಟಿ ಹೋಗುವುದು. ಇದರಲ್ಲಿ ಯಾರಿಗೂ ಅಪಾಯವಿಲ್ಲ. ಎರಡನೆಯದು, ವೇಗ ತಗ್ಗಿಸಿ, ದೂರದಲ್ಲೇ ಎಂಜಿನ್ ನ್ಯೂಟ್ರಲ್‌ನಲ್ಲಿ ಇಟ್ಟು ನಿಲ್ಲುವುದು. ಆಸ್ಟ್ರೇಲಿಯಾದ ನಿಂಗಲೂದಲ್ಲಿ ಬೋಟು 30 ಮೀಟರಿಗಿಂತ ಹತ್ತಿರ ಹೋಗುವಂತಿಲ್ಲ, ಅದನ್ನೇ ಇಲ್ಲೂ ಇಟ್ಟುಕೊಂಡರೆ ಸರಿ. ಅಡ್ಡಗಟ್ಟಬೇಡಿ. ಅದಕ್ಕೆ ಇಷ್ಟವಿದ್ದರೆ ತಾನೇ ಹತ್ತಿರ ಬರುತ್ತದೆ, ಎಷ್ಟೋ ಸಲ ಬರುತ್ತದೆ. ಮೂರನೆಯದು ನೀರಿಗೆ ಹಾರುವುದು. ಇದನ್ನು ನಾನು ಬೇಡ ಅನ್ನುತ್ತೇನೆ. ಕಚ್ಚುತ್ತದೆ ಅಂತಲ್ಲ. ಜಾತಿ ಖಚಿತವಾಗದೆ ದೊಡ್ಡ ಶಾರ್ಕಿನ ಪಕ್ಕ ಇಳಿಯುವುದು ಜಾಣತನವಲ್ಲ. ತಿಮಿಂಗಿಲ ಶಾರ್ಕೇ ಆಗಿದ್ದರೂ ಆ ಬಾಲದ ಒಂದು ಹೊಡೆತ ಪಕ್ಕೆಲುಬು ಮುರಿಯಲು ಸಾಕು. ಮೇಲಾಗಿ ತೆರೆದ ಸಮುದ್ರದಲ್ಲಿ ಬೋಟು ನಿಮ್ಮಿಂದ ದೂರ ತೇಲಿ ಹೋಗುತ್ತದೆ.

ಡಾಲ್ಫಿನ್ ಇದ್ದರೆ ಶಾರ್ಕ್ ಬರುವುದಿಲ್ಲ ಅನ್ನುವುದನ್ನು ಮುರುಡೇಶ್ವರದಲ್ಲೇ ನಿಮಗೆ ಯಾರಾದರೂ ಹೇಳಬಹುದು. ಅದನ್ನು ನಂಬಿ ಧೈರ್ಯ ತಂದುಕೊಳ್ಳಬೇಡಿ. ಎರಡೂ ಒಂದೇ ಮೀನಿನ ಹಿಂಡಿನ ಹಿಂದೆ ಬರುತ್ತವೆ. ಧೈರ್ಯಕ್ಕೆ ಬೇರೆ ಲೆಕ್ಕ ಇದೆ. ಫ್ಲಾರಿಡಾ ವಿಶ್ವವಿದ್ಯಾಲಯದಲ್ಲಿ ಇಡುವ ದಾಖಲೆಯಂತೆ, ಕೆಣಕದೆ ಶಾರ್ಕ್ ಕಚ್ಚಿದ ಪ್ರಕರಣಗಳು ಇಡೀ ಜಗತ್ತಿನಲ್ಲಿ ಸರಾಸರಿ ವರ್ಷಕ್ಕೆ 60-70ರ ಆಸುಪಾಸು. 2024ರಲ್ಲಿ 47. ಭಾರತದಲ್ಲಿ ಇಲ್ಲವೇ ಇಲ್ಲ ಅಂತ ಹೇಳುವುದಿಲ್ಲ. 2024ರ ಫೆಬ್ರುವರಿಯಲ್ಲಿ ಮಹಾರಾಷ್ಟ್ರದ ಪಾಲ್ಘರ್ ಜಿಲ್ಲೆಯ ವೈತರಣಾ ನದಿಯಲ್ಲಿ ಶಾರ್ಕೊಂದು ಒಬ್ಬರ ಕಾಲಿಗೆ ಬಾಯಿ ಹಾಕಿತ್ತು. ಬುಲ್ ಶಾರ್ಕ್ ಸಿಹಿನೀರಿಗೂ ಹತ್ತುವ ಜಾತಿ. ಹಾಗಾಗಿ ನಾನು ಎಚ್ಚರ ಹೇಳುವುದಿದ್ದರೆ ನೇತ್ರಾಣಿಯ ತಿಳಿನೀರಿಗಿಂತ ಅಳಿವೆಯ ಕೆಸರು ನೀರಲ್ಲಿ, ಮುಸ್ಸಂಜೆ ಹೊತ್ತಲ್ಲಿ, ಮೀನು ತೊಳೆದು ಚೆಲ್ಲುವ ಜಾಗದಲ್ಲಿ ಈಜಬೇಡಿ ಅನ್ನುತ್ತೇನೆ.

ಮಗನ ಡೈವಿಂಗ್‌ನಲ್ಲಿ ನಿಜವಾಗಿ ನೋಡಬೇಕಾದದ್ದು ಬೇರೆ ಇದೆ. ಇಂಥ ಮೊದಲ ಡೈವ್‌ಗೆ ಸಾಮಾನ್ಯವಾಗಿ ಹತ್ತು ವರ್ಷ ತುಂಬಿರಬೇಕು, ಅವನಿಗೆ ತುಂಬಿದೆ. ನೆಗಡಿ ಇದ್ದರೆ, ಕಿವಿ ಕಟ್ಟಿದ್ದರೆ ಆ ದಿನ ಇಳಿಸಲೇಬೇಡಿ, ದುಡ್ಡು ಹೋದರೆ ಹೋಗಲಿ. ಅವನೊಬ್ಬನಿಗೇ ಒಬ್ಬ ತರಬೇತುದಾರರು ಇರುತ್ತಾರಾ ಅಂತ ಮೊದಲೇ ಕೇಳಿ. ಬಂಡೆ, ಕಡಲಮುಳ್ಳು, ಲಯನ್‌ಫಿಶ್ ಅನ್ನುವ ವಿಷಮುಳ್ಳಿನ ಮೀನು ಯಾವುದನ್ನೂ ಮುಟ್ಟದಂತೆ ಹೇಳಿ. ಸಣ್ಣ ರೀಫ್ ಶಾರ್ಕ್ ಕಂಡರೆ ಅದೇ ಮೊದಲು ಓಡಿಹೋಗುತ್ತದೆ, ಅವನು ನಿಂತು ನೋಡಿದರೆ ಸಾಕು. ಇನ್ನೊಂದು ವಿಷಯ ಬೆಂಗಳೂರಿನವರಿಗೆ ಯಾರೂ ಹೇಳುವುದಿಲ್ಲ. ಡೈವ್ ಮಾಡಿದ ಮೇಲೆ ಮೈಯಲ್ಲಿ ಸಾರಜನಕ ಉಳಿದಿರುತ್ತದೆ, ಮೇಲೆ ಹೋಗಿ ಗಾಳಿಯ ಒತ್ತಡ ಇಳಿದರೆ ಅದು ಗುಳ್ಳೆಯಾಗಿ ತೊಂದರೆ ಕೊಡಬಹುದು. ಹಾಗಾಗಿ ಎತ್ತರದ ಜಾಗಕ್ಕೆ ಬೇಗ ಹೋಗಬಾರದು, ವಿಮಾನ ಹತ್ತಬಾರದು ಅನ್ನುವುದೂ ಇದಕ್ಕೇ. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರ್ ಮೇಲಿದೆ. ಮೊದಲ ಡೈವ್ ಆಳವಿರುವುದಿಲ್ಲ, ಅಪಾಯ ಕಡಿಮೆಯೇ. ಆದರೂ ಒಂದು ಡೈವ್ ಆದ ಮೇಲೆ ಕನಿಷ್ಠ 12 ಗಂಟೆ, ಎರಡು ಮೂರು ಸಲ ಇಳಿದಿದ್ದರೆ 18 ಗಂಟೆ ಬಿಡುವುದು ರೂಢಿ. ಅಂದು ರಾತ್ರಿ ಮುರುಡೇಶ್ವರದಲ್ಲೇ ಉಳಿದು, ಮರುದಿನ ಘಟ್ಟ ಹತ್ತಿ.